ಭಾವನ ಕೋಟಿಗೆ ಜಮಖಾನನ ಅಳತೆ

ಆ ನಾಯಿಯನ್ನು ಹೊಲಿದವನು ಯಾರೋ, ಕಸುಬು ಪೂರ್ತಿ ಕಲಿಯುವ ಮೊದಲೇ ಅಂಗಡಿ ತೆರೆದವನಿರಬೇಕು ಎಂಬುದು ಟೇಲರ್ ಮಾಸ್ತರರ ಖಚಿತ ಅಭಿಪ್ರಾಯ. ಮೈಗೆ ಬಟ್ಟೆ ಧಾರಾಳವಾಗಿ ಬಳಸಿದ್ದಾನೆ, ಕಾಲಿಗೆ ಬರುವಷ್ಟರಲ್ಲಿ ಮುಗಿದುಹೋಗಿದೆ. ತಾಯಿ ಬ್ಯಾಸೆಟ್ ಹೌಂಡ್ ಎಂಬ ದೊಡ್ಡ ಮನೆತನದವಳು. ತಂದೆ ಯಾರೆಂದು ಆಕೆ ಕೊನೆಗೂ ಬಾಯಿ ಬಿಡಲಿಲ್ಲ. (ಕರುವಿನ ಗಾತ್ರದವನೆಂಬುದಕ್ಕೆ ಮಗನೇ ಸಾಕ್ಷಿ.) ಊಟಕ್ಕೆ ಕೂತರೆ ಮೂತಿಗಿಂತ ಮೊದಲು ಕಿವಿಗಳು ತಟ್ಟೆಗೆ ಇಳಿಯುತ್ತವೆ. ಮುಂಗಾಲುಗಳಲ್ಲಿ ಒಂದು ಪೂರ್ವಕ್ಕೆ ಹೊರಟರೆ ಇನ್ನೊಂದು ಪಶ್ಚಿಮಕ್ಕೆ. ಸೋಫಾ ಹತ್ತುವಾಗ ಮುಂದಿನರ್ಧ ಹತ್ತಿ, ಹಿಂದಿನರ್ಧವನ್ನು ಯಾರಾದರೂ ತಲುಪಿಸಲಿ ಎಂದು ಕಾಯುತ್ತದೆ. ನಡುಮನೆಯಲ್ಲಿ ಹಾಸಿದಂತೆ ಬಿದ್ದಿರುತ್ತದೆಂದು ಮಾಸ್ತರರ ಹೆಂಡತಿ ಅದಕ್ಕೆ ಜಮಖಾನ ಎಂದು ಹೆಸರಿಟ್ಟಿದ್ದಳು.

"ಇದರ ಹೊಟ್ಟೆ ರಸ್ತೆಯೆಲ್ಲ ಒರೆಸ್ಕೊಂಡು ಬರುತ್ತೆ, ಆಮೇಲೆ ನಾನು ಮನೆ ಒರೆಸ್ಬೇಕು," ಎಂದಳು ಆಕೆ ಒಂದು ಮಳೆಯ ದಿನ. "ಅದಕ್ಕೊಂದು ಕೋಟು ಹೊಲಿದುಕೊಡ್ರೀ."

"ನಾನು ಮನುಷ್ಯರಿಗೆ ಹೊಲಿಯೋನು ಕಣೇ."

"ನಮ್ಮಣ್ಣನ ಕೋಟು ನೋಡಿದ್ರೆ ಹಾಗನ್ಸಲ್ಲ."

ಮಾಸ್ತರರ ಬಾಯಿ ಮುಚ್ಚಿಸಲು ಮನೆಯಲ್ಲಿ ಇದಕ್ಕಿಂತ ದೊಡ್ಡ ಬೀಗ ಇರಲಿಲ್ಲ. ಹೆಂಡತಿಯ ಅಣ್ಣ, ಅಂದರೆ ಭಾವ, ಒಂದು ಆಫೀಸಿನ ದೊಡ್ಡ ಗುಮಾಸ್ತ. ಅವರ ಹೊಟ್ಟೆ ಅದಕ್ಕಿಂತಲೂ ದೊಡ್ಡದು. ಟೇಪು ಸೊಂಟದ ಹತ್ತಿರ ಬಂದ ಕೂಡಲೇ ಅವರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಎಲ್ಲಿಗೋ ರವಾನಿಸಿಬಿಡುತ್ತಿದ್ದರು. ಆ ಅಳತೆಗೆ ಹೊಲಿದ ಕೋಟು ತೊಟ್ಟು ಅವರು ಉಸಿರು ಬಿಟ್ಟರೆ ಗುಂಡಿಗಳು ಎದುರಿದ್ದವರ ಮುಖಕ್ಕೆ. ಕೋಟು ವಾಪಸ್, ಮಾಸ್ತರರ ಮಾನ ಅದರ ಜೇಬಿನಲ್ಲಿ. ಊರಿನಲ್ಲಿ ಬೇರೆ ಯಾರ ಬಟ್ಟೆಯೂ ಅವರ ಅಂಗಡಿಗೆ ತಿರುಗಿ ಬಂದದ್ದಿಲ್ಲ. ಹಾಗಂತ "ಭಾವ, ಹೊಟ್ಟೆ ಬಿಡಿ" ಎನ್ನುವುದು ಹೇಗೆ? ಅಂಥದ್ದೊಂದು ತಮಗಿದೆ ಎಂದೇ ಭಾವ ಒಪ್ಪಿದವರಲ್ಲ.

ಈಗ ಭಾವನಿಗೆ ನಿವೃತ್ತಿ. ಆಫೀಸಿನವರೆಲ್ಲರ ಮುಂದೆ ಬೀಳ್ಕೊಡುಗೆ, ಅದಕ್ಕೊಂದು ಹೊಸ ಕೋಟು. "ಇದೂ ಕೈಕೊಟ್ರೆ ಎದುರಿನ ರೆಡಿಮೇಡ್ ಅಂಗಡೀಲಿ ತಗೋತೀನಿ," ಎಂದು ಅವರು ಮೊದಲೇ ಹೇಳಿದ್ದರು. ಸ್ವಂತ ಭಾವ ಎದುರಂಗಡಿಯ ಮೆಟ್ಟಿಲು ಹತ್ತುವುದನ್ನು ಬೀದಿಯೆಲ್ಲ ನೋಡಿದರೆ ಮಾಸ್ತರರು ಮುಖ ಎಲ್ಲಿಡಬೇಕು?

ಇದೇ ಚಿಂತೆಯಲ್ಲಿ ಅವರು ಜಮಖಾನನನ್ನು ಕತ್ತರಿಸುವ ಮೇಜಿನ ಮೇಲೆ ಕೂರಿಸಿ ಟೇಪು ಹಿಡಿದರು. ಚರ್ಮ ಎಳೆದಷ್ಟೂ ಕೈಗೆ ಬರುತ್ತಿತ್ತು, ನಾಯಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಬಾಯಿಗೊಂದು ಬಿಸ್ಕತ್ತು ಇಟ್ಟ ಮೇಲೆ ಅದು ಎದೆಯುಬ್ಬಿಸಿ, ಹೊಟ್ಟೆಯನ್ನು ಧಾರಾಳವಾಗಿ ಮುಂದೆ ಚೆಲ್ಲಿ, ಆಕಳಿಸಿತು. ಟೇಪು ನೋಡಿದ ಮಾಸ್ತರರ ಕಣ್ಣು ಅಲ್ಲೇ ನಿಂತಿತು. ಹಿಂದಿನ ಕೋಟನ್ನು ಬಿಚ್ಚಿ ಬಿಚ್ಚಿ ಹೊಲಿದಾಗ ಕೊನೆಗೆ ಭಾವನಿಗೆ ಹಿಡಿದ ಅಳತೆ ಅದೇ ಆಗಿತ್ತು. ಹೊಟ್ಟೆ ಎಲ್ಲಿಂದ ಹೊರಡುತ್ತದೆ, ಎಲ್ಲಿ ತಿರುಗುತ್ತದೆ ಎಂಬುದೂ ಭಾವನದ್ದೇ ದಾರಿ. ಜೊತೆಗೆ ಈ ಗಿರಾಕಿಗೆ ಉಸಿರು ಬಿಗಿಹಿಡಿಯುವ ಬಿಗುಮಾನವಿಲ್ಲ.

ನಾಯಿಯ ಕೋಟು ಪಕ್ಕಕ್ಕೆ ಸರಿಯಿತು. ದಿನವೂ ಜಮಖಾನನಿಗೆ ಭಾವನ ಕೋಟು ತೊಡಿಸಿ, ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದ ಗೆರೆ ಎಳೆದು, ಬಿಸ್ಕತ್ತಿನ ದಕ್ಷಿಣೆ ಕೊಡುವ ಗುಪ್ತ ಕಾರ್ಯಾಚರಣೆ ಶುರುವಾಯಿತು. ಹೆಂಡತಿ ಒಳಗೆ ಬಂದಾಗ ನಾಯಿ ಕರಿ ಕೋಟಿನಲ್ಲಿ ಅಧ್ಯಕ್ಷತೆ ವಹಿಸಿ ಕೂತಿತ್ತು.

"ಇದು ಅಣ್ಣನ ಬಟ್ಟೆ ಅಲ್ವೇನ್ರೀ?"

"ಬೈಯೋ ಮೊದಲು ಸ್ವಲ್ಪ ದೂರ ನಿಂತು ನೋಡು."

ಆಕೆ ಬೈಯಲೆಂದೇ ದೂರ ನಿಂತಳು. ಜೋತುಬಿದ್ದ ಗಲ್ಲ, ಪ್ರಪಂಚವೇ ಬೇಸರವಾದಂಥ ಕಣ್ಣು, ಕೋಟಿನ ಮೇಲೆ ಸಮಾಧಾನವಾಗಿ ಕೂತ ಹೊಟ್ಟೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದಳು. "ಅಣ್ಣಂಗೆ ಗೊತ್ತಾದ್ರೆ ನಾನು ನಿಮ್ಮ ಹೆಂಡ್ತಿ ಅಲ್ಲ, ಈಗ್ಲೇ ಹೇಳಿದೀನಿ," ಎಂದಳು ಕಣ್ಣೊರೆಸಿಕೊಳ್ಳುತ್ತ.

ಭಾವ ಬಂದರು, ಕೋಟು ತೊಟ್ಟರು, ಅಭ್ಯಾಸದಂತೆ ಉಸಿರು ಹಿಡಿದರು, ಕೊನೆಗೆ ಬಿಟ್ಟರು. ಏನೂ ಹಾರಲಿಲ್ಲ. ಮತ್ತೊಮ್ಮೆ ಅನುಮಾನದಿಂದ ಉಸಿರಾಡಿ ನೋಡಿದರು. "ಇಷ್ಟು ವರ್ಷಕ್ಕೆ ನಿಮ್ಮ ಕೈಗೆ ಬುದ್ಧಿ ಬಂತು ನೋಡಿ ಭಾವ," ಎಂದು ಮಾಸ್ತರರ ಬೆನ್ನು ತಟ್ಟಿದರು. ಮಾಸ್ತರರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬೀಳ್ಕೊಡುಗೆಯಲ್ಲಿ ಕೋಟಿಗೆ ಬಂದ ಹೊಗಳಿಕೆ ಭಾವನ ಭಾಷಣಕ್ಕೆ ಬರಲಿಲ್ಲವಂತೆ. ಮರುವಾರವೇ ಅಂಥದ್ದೇ ಇನ್ನೊಂದಕ್ಕೆ ಬಟ್ಟೆ ಕಳಿಸಿದರು.

ಮಾಸ್ತರರು ಎರಡನೆಯದನ್ನೂ ನಾಯಿಯ ಮೇಲೆ ನೋಡಿ ನೋಡಿ ಹೊಲಿದರು. ಬಿಸ್ಕತ್ತಿನ ದಕ್ಷಿಣೆಯೂ ನಡೆದೇ ಇತ್ತು, ಅದರ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ. ಭಾವ ತೊಟ್ಟಾಗ ಕೋಟಿನೊಳಗೆ ಅವರನ್ನು ಹುಡುಕಬೇಕಾಯಿತು.

"ನನ್ನ ಹೊಟ್ಟೆ ಇಷ್ಟಿದೆ ಅಂತ ನಿಮಗೆ ಯಾರು ಹೇಳಿದ್ದು?" ಅವರ ದನಿಯಲ್ಲಿ ನಿಜವಾದ ನೋವಿತ್ತು. ಬಿಗಿಯಾದ ಕೋಟನ್ನು ಕ್ಷಮಿಸಬಹುದು, ಸಡಿಲವಾದದ್ದು ಅವಮಾನ. ಗಂಡ ಹೆಂಡತಿ ಇಬ್ಬರೂ ಜಮಖಾನನ ಕಡೆ ನೋಡಿದರು. ಅದು ಮೇಜಿನ ಕೆಳಗೆ ನಿರಪರಾಧಿಯಂತೆ ಕಿವಿ ಹರಡಿ ಮಲಗಿತ್ತು.

"ಒಂದು ತಿಂಗಳು ಟೈಮ್ ಕೊಡಣ್ಣ, ಸರಿ ಮಾಡಿಸ್ತೀನಿ," ಎಂದು ಹೆಂಡತಿ ಅಣ್ಣನನ್ನು ಸಾಗಹಾಕಿ, ಗಂಡನ ಕೈಗೆ ನಾಯಿಯ ಬೆಲ್ಟು ಕೊಟ್ಟಳು. "ಇವನನ್ನ ಅಣ್ಣನ ಸೈಜಿಗೆ ತನ್ನಿ. ನಾಳೆಯಿಂದ ವಾಕಿಂಗು."

ಬಟ್ಟೆ ಬಿಚ್ಚಿ ಹೊಲಿದರೆ ಸಾಲದೇ ಎಂದು ಮಾಸ್ತರರು ಕೇಳಬಹುದಿತ್ತು. ಆದರೆ ಭಾವನ ಅಳತೆ ಈಗ ನಾಯಿಯ ಹತ್ತಿರವೂ ಉಳಿದಿರಲಿಲ್ಲ. ಹಾಗಾಗಿ ಇಬ್ಬರೂ ಹೊರಟರು. ಜಮಖಾನ ಮೂಗು ನೆಲಕ್ಕೆ ಹಚ್ಚಿ ಪ್ರತಿ ಕಂಬದ ಪೂರ್ವಾಪರ ವಿಚಾರಿಸುತ್ತಿತ್ತು. ಬೇಕರಿಯವನು ಬನ್ನು ಕೊಟ್ಟ, ಕಂಪೌಂಡರನ ತಾಯಿ ಹಾಲು ಕೊಟ್ಟಳು. ದಿಬ್ಬದ ಕೆಳಗೆ ಬಂದಾಗ ದಿನವೂ ಹೆಸರಿಗೆ ತಕ್ಕಂತೆ ಹಾಸಿಕೊಂಡುಬಿಡುತ್ತಿತ್ತು. ಅಲ್ಲಿಂದ ಮನೆತನಕ ಮಾಸ್ತರರೇ ಅದನ್ನು ಎರಡೂ ಕೈಯಲ್ಲಿ ಹೊತ್ತು ದಿಬ್ಬ ಹತ್ತುತ್ತಿದ್ದರು. ದಾರಿಯುದ್ದಕ್ಕೂ ಒಂದು ಕಿವಿ ಅವರ ಹೆಗಲ ಮೇಲಿರುತ್ತಿತ್ತು. ನಿಜ ಹೇಳಬೇಕೆಂದರೆ ಅವರಿಗೆ ಅದು ತುಂಬ ಹಿಡಿಸುತ್ತಿತ್ತು, ಮನೆಯಲ್ಲಿ ಮಾತ್ರ ಸೊಂಟ ನೋವೆಂದು ಗೊಣಗುತ್ತಿದ್ದರು.

ತಿಂಗಳು ಕಳೆದು ಭಾವ ಬಂದರು. ಜಮಖಾನ ಒಂದು ಗುಂಡಿಯಷ್ಟೂ ಕರಗಿರಲಿಲ್ಲ. ಮಾಸ್ತರರು ಅಂದಾಜಿನ ಮೇಲೆ ಕೋಟನ್ನು ಕುಗ್ಗಿಸಿದ್ದರು. ಅದರ ಅಂಚು ನೋಡಲು ಬಗ್ಗಿದಾಗ, ಮಾಸ್ತರರು ತಾವೇ ಹೊಲಿದುಕೊಂಡಿದ್ದ ಪ್ಯಾಂಟು ಸರ್ರನೆ ಜಾರಿತು. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಎದ್ದು ನಿಂತರು.

ಭಾವ ಅದನ್ನೇ ನೋಡಿದರು. ಮುಖದಲ್ಲಿ ನಿಜವಾದ ಮರುಕವಿತ್ತು. ಹತ್ತಿರ ಬಂದು, ತಂಗಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದರು:

"ಇದನ್ನ ಹೊಲಿದೋನು ಯಾರೋ ಗೊತ್ತಿಲ್ಲ ಭಾವ. ಆದ್ರೆ ಅವನ ಹತ್ರ ಮಾತ್ರ ಮತ್ತೆ ಹೋಗ್ಬೇಡಿ."