ನೂರ ನಲವತ್ತಮೂರು ಹಸಿರು ಚುಕ್ಕೆಗಳ ವಿಚಾರ

ತ್ವರಿತ ಬಸ್ ಪಥದ ಮಾರ್ಗ ಆಯ್ಕೆ ಸಮಿತಿಯ ಅಧ್ಯಕ್ಷರ ದಿವ್ಯ ಸಮಕ್ಷಮಕ್ಕೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ತಮ್ಮ ನಕ್ಷೆಯನ್ನು ಗೋಡೆಯ ಮೇಲೆ ಹಿಡಿದಿಟ್ಟಿರುವ ನಾಲ್ಕು ಮೊಳೆಗಳಿಗೂ ಮೊದಲಾಗಿ ನನ್ನ ನಮಸ್ಕಾರಗಳು. ನಾನು ತಮ್ಮ ಮೂರು ಮಾರ್ಗಗಳ ಪೈಕಿ ಎರಡನೆಯದಾದ ಬೀದಿಯಲ್ಲಿ, ಬಟ್ಟೆ ಹೊಲಿಯುವ ನನ್ನ ದೊಡ್ಡಮ್ಮನ ಮನೆಯಲ್ಲಿ ವಾಸವಾಗಿರುವ ಮೊದಲ ವರ್ಷದ ಕಾಲೇಜು ವಿದ್ಯಾರ್ಥಿನಿ. ಆರನೇ ವಯಸ್ಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದು, ಇಂಗ್ಲಿಷಿನಲ್ಲಿ ಲೀವ್ ಲೆಟರ್ ಬಿಟ್ಟು ಬೇರೆ ಯಾವ ಪತ್ರವನ್ನೂ ಬರೆದವಳಲ್ಲವಾದ್ದರಿಂದ ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮನ್ನಿಸಬೇಕು. ಇದನ್ನೂ ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ನಮ್ಮ ಬೀದಿಯವರೂ ಓದಬೇಕಾಗಿದೆ. ಕಾರಣ ಮುಂದೆ ಬರುತ್ತದೆ.

ತಮ್ಮ ಕರಡು ವರದಿಯನ್ನು ಓದಿದೆ. ಮುಖಪುಟ ಬಹಳ ಚೆನ್ನಾಗಿ ಬಂದಿದೆ. ಅದರಲ್ಲಿ ನಕ್ಷೆಯ ಮೇಲೆ ಹಸಿರು ಚುಕ್ಕೆ ಅಂಟಿಸುತ್ತಾ ನಗುತ್ತಿರುವ, 'ಉತ್ಸಾಹಿ ಯುವ ನಿವಾಸಿ' ಎಂದು ತಾವು ಕರೆದಿರುವ ಹುಡುಗಿ ನಾನೇ. ನಾನು ನಗುತ್ತಿರಲಿಲ್ಲ, ಭಯವಾದಾಗ ನನ್ನ ಮುಖ ಹಾಗಾಗುತ್ತದೆ. ಒಳಗಿನ ಪುಟಗಳಲ್ಲಿ ಒಂದನೇ ಮಾರ್ಗವಾದ ಅಗಲ ರಸ್ತೆಗೆ ಒಂದೂ ಹಸಿರು ಚುಕ್ಕೆ ಬಾರದೆ ಹನ್ನೊಂದು ಟೈಪು ಮಾಡಿದ ಆಕ್ಷೇಪಣೆಗಳು ಬಂದಿವೆಯೆಂದೂ, ಗೋದಾಮುಗಳ ಹಿಂದಿನ ಮೂರನೇ ಮಾರ್ಗಕ್ಕೆ ಒಂದು ಚುಕ್ಕೆ ಬಂದಿದೆಯೆಂದೂ, ನಮ್ಮ ಬೀದಿಗೆ ಮಾತ್ರ ನೂರ ನಲವತ್ತಮೂರು ಬಂದಿದ್ದು ಇಷ್ಟು ಒಕ್ಕೊರಲಿನ ಬೆಂಬಲವನ್ನು ಸಮಿತಿ ತನ್ನ ಸೇವಾವಧಿಯಲ್ಲೇ ಕಂಡಿಲ್ಲವೆಂದೂ ಬರೆದಿದ್ದೀರಿ. ಕಾಣದಿರುವುದು ಸಹಜ, ಮಾನ್ಯರೇ. ಅದು ಬೆಂಬಲವಾಗಿರಲಿಲ್ಲ.

ನಡೆದದ್ದನ್ನು ನಿವೇದಿಸಿಕೊಳ್ಳುತ್ತೇನೆ. ಹಾಸ್ಟೆಲಿನಲ್ಲಿ ವರ್ಷದ ಮೊದಲ ದಿನ ವಾರ್ಡನ್ ಎಲ್ಲರ ಕೈಗೂ ಒಂದೊಂದು ಅಂಟುಚೀಟಿ ಕೊಡುತ್ತಾರೆ. ಓಡಿಹೋಗಿ ಯಾವ ಮಂಚಕ್ಕೆ ಅಂಟಿಸುತ್ತೇವೋ ಆ ಮಂಚ ವರ್ಷಪೂರ್ತಿ ನಮ್ಮದು, ಬೇರೆಯವರು ಮುಟ್ಟುವಂತಿಲ್ಲ. ಹನ್ನೆರಡು ವರ್ಷ ನಾನು ಕಲಿತದ್ದರಲ್ಲಿ ಪಕ್ಕಾ ನೆನಪಿರುವುದು ಇದೊಂದೇ. ತಾವು ಜನರ ಅಭಿಪ್ರಾಯ ಕೇಳಲು ಸಭೆ ಕರೆದ ದಿನ ಶಾಲೆಯ ಹಾಲ್‌ನಲ್ಲಿ ತಮ್ಮ ಸಿಬ್ಬಂದಿ ಒಂದು ಹಸಿರು, ಒಂದು ಕೆಂಪು ಚುಕ್ಕೆಯ ಜೊತೆಗೆ ಎರಡು ಹಾಳೆಯ ಇಂಗ್ಲಿಷ್ ಸೂಚನೆ ಕೊಟ್ಟಾಗ, ಹಿಂದೆ ನಿಂತಿದ್ದ ಇಸ್ತ್ರಿ ಅಂಗಡಿಯವರು, "ನೀನು ಓದಿದವಳು, ಹೇಳಮ್ಮ, ಎಲ್ಲಿ ಅಂಟಿಸ್ಬೇಕು?" ಎಂದರು. ನಾನು ಮೊದಲ ಹಾಳೆಯನ್ನಷ್ಟೇ ಓದಿದ್ದೆ. ಅದರಲ್ಲಿ ಪೂರ್ತಿ ತಮ್ಮ ಸ್ವಾಗತವೇ ಇತ್ತು. ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೈ ತಾನಾಗಿ ಹೋಗಿ ನಕ್ಷೆಯಲ್ಲಿ ದೊಡ್ಡಮ್ಮನ ಮನೆಯ ಮೇಲೆ ಹಸಿರು ಚುಕ್ಕೆ ಅಂಟಿಸಿತು, ಬಾಯಿ ತಾನಾಗಿ, ಅವರವರ ಮನೆ ಮೇಲೆ ಅಂಟಿಸಿ, ಆಗ ಯಾರೂ ಮುಟ್ಟಲ್ಲ ಎಂದಿತು.

ಎಲ್ಲರೂ ಶಿಸ್ತಾಗಿ ಸಾಲುಗಟ್ಟಿ ತಮ್ಮ ತಮ್ಮ ಮನೆಗಳನ್ನು ಕಾಪಾಡಿಕೊಂಡರು. ಕನ್ನಡಕದ ತಾತ ಅಡುಗೆಮನೆಗೆ ಒಂದು, ಹಿತ್ತಲಿಗೆ ಒಂದು ಎಂದು ಹೆಂಡತಿಯ ಚುಕ್ಕೆಯನ್ನೂ ಇಸಿದುಕೊಂಡು ಅಂಟಿಸಿದರು. ಕ್ಷೌರದಂಗಡಿಯವರು ದಾರಿ ತಪ್ಪಿ ಗೋದಾಮಿನ ಮೇಲೆ ಅಂಟಿಸಿದರು; ಮೂರನೇ ಮಾರ್ಗದ ಏಕೈಕ ಅಭಿಮಾನಿ ಅವರೇ. ತಾತ ಸ್ವಂತ ಮನೆ ಉಳಿಸಿಕೊಂಡ ಖುಷಿಯಲ್ಲಿ, ನಕ್ಷೆಯ ಪಕ್ಕ ನಿಂತಿದ್ದ ತಮ್ಮನ್ನು, ಸಾಹೇಬರೇ ನಿಮ್ಮ ಮನೆ ಎಲ್ಲಿ ಎಂದು ಕೇಳಿದಾಗ ತಾವು ಅತ್ಯಂತ ಸೌಜನ್ಯದಿಂದ ಒಂದನೇ ಮಾರ್ಗದ ಮೂಲೆಯಲ್ಲಿ, ಹಳದಿ ಕಾಂಪೌಂಡಿನ ಮನೆಯನ್ನು ಪೆನ್ನಿನ ತುದಿಯಿಂದ ತೋರಿಸಿದಿರಿ. ಪಾಪ, ಸಾಹೇಬರಿಗೆ ಚುಕ್ಕೆ ಸಿಕ್ಕಿಲ್ಲವಲ್ಲ ಎಂದು ತಾತ ದಾರಿಯುದ್ದಕ್ಕೂ ಮರುಗಿದರು. ಕೆಂಪು ಚುಕ್ಕೆ ಯಾತಕ್ಕೆಂದು ಯಾರಿಗೂ ತಿಳಿಯದೆ ಎಲ್ಲರೂ ಮನೆಗೆ ತಂದರು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಒಂದಿದೆ, ದೊಡ್ಡಮ್ಮನ ದೊಡ್ಡ ಕತ್ತರಿಯ ಹಿಡಿಯ ಮೇಲೆ ಒಂದಿದೆ.

ಎರಡನೇ ಹಾಳೆಯನ್ನು ನಾನು ಮನೆಗೆ ಬಂದು ಓದಿದೆ. ಹಸಿರು ಎಂದರೆ ಬಸ್ ಇಲ್ಲೇ ಬರಲಿ, ಕೆಂಪು ಎಂದರೆ ಬೇಡ. ಓದಿ, ಮಡಚಿ, ದಿಂಬಿನ ಕೆಳಗಿಟ್ಟು ಮೂರು ವಾರ ಯಾರಿಗೂ ಹೇಳಲಿಲ್ಲ. ಇಸ್ತ್ರಿ ಅಂಗಡಿಯವರು ಎದುರು ಸಿಕ್ಕಾಗಲೆಲ್ಲ, ನಿನ್ನಿಂದ ಬೀದಿ ಬಚಾವಾಯ್ತು ಕಣಮ್ಮ ಎನ್ನುತ್ತಿದ್ದರು. ನಾನು ಮುಖಪುಟದಲ್ಲಿ ನಗುವಂತೆಯೇ ನಗುತ್ತಿದ್ದೆ.

ತಮ್ಮ ಪಥಕ್ಕೆ ನಮ್ಮ ಬೀದಿಯ ಎರಡೂ ಬದಿಯಿಂದ ತಲಾ ಎರಡೂವರೆ ಮೀಟರ್ ಬೇಕು. ಅಳತೆಯಲ್ಲಿ ನಮ್ಮ ದೊಡ್ಡಮ್ಮ ತಪ್ಪುವುದಿಲ್ಲ, ಟೇಪ್ ಹಿಡಿದು ನೋಡಿದರು: ಎರಡೂವರೆ ಮೀಟರ್ ಎಂದರೆ ಸರಿಯಾಗಿ ಮುಂದಿನ ಕೋಣೆ. ಅಲ್ಲಿ ಅವರ ಹೊಲಿಗೆ ಯಂತ್ರವಿದೆ, ಗುಂಡಿಗಳ ಡಬ್ಬಿಗಳಿವೆ, ಬಟ್ಟೆ ಕತ್ತರಿಸುವ ಮೇಜಿದೆ. ಮೇಜಿನ ಪಕ್ಕ, ನಾನು ಬರುವ ಹಿಂದಿನ ದಿನ ಅವರು ಬಟ್ಟೆಯ ಥಾನುಗಳನ್ನೆಲ್ಲ ಅಟ್ಟಕ್ಕೇರಿಸಿ ಜಾಗ ಮಾಡಿ ಹಾಕಿಸಿದ ಒಂದು ಮಂಚವಿದೆ. ಚೀಟಿ ಅಂಟಿಸದೆ, ಓಡದೆ ನನಗೆ ಸಿಕ್ಕ ಮೊದಲ ಮಂಚ ಅದು.

ತಪ್ಪು ತಿದ್ದೋಣವೆಂದು ತಮ್ಮ ಕಚೇರಿಗೆ ಹೋಗಿದ್ದೆ. ಮೊಗಸಾಲೆಯಲ್ಲಿ ನಕ್ಷೆ ಇನ್ನೂ ತೂಗುತ್ತಿದೆ. ಚುಕ್ಕೆ ಕೀಳಬಹುದೇ ಎಂದು ಗುಮಾಸ್ತರನ್ನು ಕೇಳಿದೆ. "ಕೀಳೋಕೆ ಬರಲ್ಲಮ್ಮ, ಆಕ್ಷೇಪಣೆ ಅವಧಿ ಮುಗೀತು. ಬೆಂಬಲ ಬೇಕಾದ್ರೆ ಇನ್ನೂ ಅಂಟಿಸಬಹುದು, ಸೋಮವಾರದವರೆಗೆ ಓಪನ್ ಇದೆ" ಎಂದು ಅವರು ಅಕ್ಕರೆಯಿಂದ ವಿವರಿಸಿದರು. ಬೇಡ ಎನ್ನಲು ಒಂದು ವಾರ, ಬೇಕು ಎನ್ನಲು ಐದು ವಾರ ಕೊಟ್ಟಿರುವ ತಮ್ಮ ಉದಾರತೆಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳು. ಹದಿನೆಂಟು ಮೀಟರ್ ಉದ್ದದ ತಮ್ಮ ಬಸ್ಸು ನಮ್ಮ ಬೀದಿಗೆ ಬಂದಾಗ ಹೊಟ್ಟೆಯನ್ನು ಸ್ವಲ್ಪ ಒಳಗೆಳೆದುಕೊಂಡು ಸಾಗುವಂತೆ ಅದಕ್ಕೆ ಸೂಚನೆ ನೀಡಬೇಕು. ಅದು ಆಗದಿದ್ದರೆ ನಮ್ಮ ಮುಂದಿನ ಕೋಣೆಯನ್ನೇ ಒಂದು ನಿಲ್ದಾಣವೆಂದು ಘೋಷಿಸಿ, ಬಸ್ಸು ಒಳಗೆ ಬರುವಾಗ ದೊಡ್ಡಮ್ಮ ಕಾಲೆತ್ತಿ ಕುಳಿತುಕೊಳ್ಳಲು ಅನುವಾಗುವಂತೆ ಐದು ನಿಮಿಷ ಮುಂಚೆ ಹಾರ್ನ್ ಮಾಡಿಸಬೇಕು. ಅದೂ ಆಗದಿದ್ದರೆ, ನೂರ ನಲವತ್ತಮೂರು ಚುಕ್ಕೆಗಳನ್ನೂ ತಪ್ಪು ಜಾಗದಲ್ಲಿ ಅಂಟಿಸಿದವಳು ಒಬ್ಬಳೇ ಎಂದು ದಾಖಲಿಸಿಕೊಂಡು, ನನ್ನ ಪಾಲಿನ ಒಂದೇ ಒಂದು ಮಂಚವನ್ನು ಬಸ್ಸಿಗೆ ಬಿಟ್ಟುಕೊಟ್ಟು, ಉಳಿದವರನ್ನು ಅವರವರ ಪಾಡಿಗೆ ಬಿಡಬೇಕು.

ನಮ್ಮ ಬೀದಿಯವರಲ್ಲಿ: ತಪ್ಪಾಯಿತು. ನಾನು ಒಂದೇ ಹಾಳೆ ಓದಿದ್ದೆ.

ಎರಡನೇ ಹಾಳೆಯನ್ನೂ ಓದಿ ಮುಗಿಸಿರುವ,
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ನಿವಾಸಿ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಇದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಹೊಲಿಯುತ್ತಿದ್ದ ಅಂಚು ಮುಗಿಯುವವರೆಗೂ ಯಂತ್ರ ನಿಲ್ಲಿಸಲಿಲ್ಲ. ಆಮೇಲೆ ಕೆಂಪು ಚುಕ್ಕೆಯ ಕತ್ತರಿಯಿಂದ ದಾರ ಕತ್ತರಿಸಿ, "ಆ ಸಾಹೇಬರ ಮನೆ ಯಾವ ಮೂಲೇಲಿ ಅಂದೆ ಪುಟ್ಟಿ?" ಎಂದು ಕೇಳಿದರು. ಸ್ಟೇಷನರಿ ಅಂಗಡಿಯಲ್ಲಿ ಅದೇ ಹಸಿರು ಬಣ್ಣದ, ಅದೇ ಅಳತೆಯ ಚುಕ್ಕೆಗಳು ಸಿಗುತ್ತವೆ. ಸೋಮವಾರ ಬೆಳಿಗ್ಗೆ ತಮ್ಮ ಮೊಗಸಾಲೆಗೆ ಬೀದಿಯವರೆಲ್ಲ ಬರುತ್ತಿದ್ದೇವೆ, ತಾತ ಹೆಂಡತಿಯೊಂದಿಗೆ. ಕ್ಷೌರದಂಗಡಿಯವರ ಕೈ ಹಿಡಿದು ನಾನೇ ಜಾಗ ತೋರಿಸುತ್ತೇನೆ. ಅಂಟಿಸುವುದು ಎಲ್ಲಿ, ಅದರರ್ಥವೇನು ಎಂದು ಈ ಸಲ ಎಲ್ಲರಿಗೂ ಗೊತ್ತು. ತಮ್ಮ ಹಳದಿ ಕಾಂಪೌಂಡಿನ ಮುಂದಿನ ಕೋಣೆಯಲ್ಲಿ ಯಾರು ಮಲಗುತ್ತಾರೋ ನಮಗೆ ತಿಳಿಯದು. ಅವರಿಗೆ ಮುಂಚಿತವಾಗಿ ಒಂದು ಮಾತು ಹೇಳಿಡಬೇಕಾಗಿ ವಿನಂತಿ.