ಒಲೆ ನೋಡಲು ಹೋದದ್ದು

ಹಳೆಯ ಸಾಮಾನು ಕೊಳ್ಳುವ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವ ಮಾರಾಟಗಾರ ಇನ್ನೂ ಹುಟ್ಟಿಲ್ಲ! ಎದೆ ತಟ್ಟಿಕೊಂಡು ಹೀಗೆ ಹೇಳಿದಾಗ ಹೆಂಡತಿ ನಮ್ಮ ಫ್ರಿಜ್ಜಿನ ಕಡೆ ಒಮ್ಮೆ ನೋಡಿದಳು. ಅದರ ಬಾಗಿಲು ತೆರೆದುಕೊಳ್ಳದಂತೆ ಕುರ್ಚಿ ಒತ್ತಿ ಇಡುತ್ತೇವೆ, ನಿಜ. ಅದು ಬೇರೆ ಮಾತು.

ಈ ಸಲದ್ದು ಹುಡುಗಾಟವಲ್ಲ. ಒಂದು ಚಳಿಗಾಲವಾದರೂ ತನ್ನ ಅಮ್ಮ ನಮ್ಮಲ್ಲಿರಬೇಕೆಂಬುದು ಮದುವೆಯಾದಾಗಿನಿಂದ ಹೆಂಡತಿಯ ಆಸೆ. ಅತ್ತೆ ಬಂದದ್ದೇನೋ ಬಂದರು. ರಾತ್ರಿ ಎರಡು ರಜಾಯಿ ಹೊದ್ದರೆ ಹೇಗೋ ಕಳೆಯುತ್ತಿತ್ತು. ಹಗಲು ನಾವಿಬ್ಬರೂ ಕೆಲಸಕ್ಕೆ ಹೋದರೆ, ಅವರೊಬ್ಬರೇ ತಣ್ಣನೆ ಮನೆಯಲ್ಲಿ ಮರಗಟ್ಟಿದ ಬೆರಳು ಉಜ್ಜಿಕೊಳ್ಳುತ್ತ ಕೂರಬೇಕು. ಮನೆ ಬೆಚ್ಚಗಾಗದಿದ್ದರೆ ದೊಡ್ಡ ಅಳಿಯನ ಮನೆಗೆ ಹೋಗಿಬಿಡುತ್ತೇನೆ ಎಂದರು. ದೊಡ್ಡ ಅಳಿಯ ಎಂದರೆ ನನ್ನ ಷಡ್ಡಕ. ಅವನ ಮನೆಯಲ್ಲಿ ಬಚ್ಚಲು ಕೂಡ ಬೆಚ್ಚಗಿರುತ್ತದಂತೆ! ಹೆಂಡತಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅಷ್ಟರಲ್ಲಿ ಪಕ್ಕದ ಬೀದಿಯ ದರ್ಜಿ ತನ್ನ ಅಂಗಡಿಯ ಪೆಲೆಟ್ ಒಲೆ ಮಾರುತ್ತಾನೆಂಬ ಸುದ್ದಿ ಬಂತು. ಮರದ ಹೊಟ್ಟನ್ನು ಒತ್ತಿ ಮಾಡಿದ ಪುಟ್ಟ ಗುಳಿಗೆಗಳೇ ಪೆಲೆಟ್. ಮೇಲಿನ ಡಬ್ಬಕ್ಕೆ ಸುರಿದರೆ ಒಲೆಯೇ ಬೇಕಾದಷ್ಟು ನುಂಗಿ, ಉರಿಸಿ, ಫ್ಯಾನಿನಿಂದ ಬಿಸಿಗಾಳಿ ಊದುತ್ತದೆ. ಊಟ ತಿಂಡಿ ಮರೆತು ಮೊಬೈಲಿನಲ್ಲಿ ವಿಡಿಯೋ ನೋಡಿ ನಾನು ಒಲೆಶಾಸ್ತ್ರದಲ್ಲಿ ಪಾರಂಗತನಾದೆ. ಟಾರ್ಚು, ಸ್ಕ್ರೂಡ್ರೈವರು, ಬ್ರಷ್ಷು ಹಿಡಿದು, ತಾವೂ ನೋಡಬೇಕೆಂದ ಅತ್ತೆಯನ್ನು ಕರೆದುಕೊಂಡು ದಂಡಯಾತ್ರೆ ಹೊರಟೆ. ಹೆಂಡತಿ ಒಲೆ ಇಡಲು ಹಾಲಿನ ಮೂಲೆ ಖಾಲಿ ಮಾಡತೊಡಗಿದಳು.

ದರ್ಜಿ ಪ್ರಾಮಾಣಿಕ. ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ, ಗಿರಾಕಿಗಳ ಬಟ್ಟೆಗೆಲ್ಲ ಹೊಗೆ ವಾಸನೆ, ಪೀಡೆ ತೊಲಗಿದರೆ ಸಾಕು ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ. ಬುದ್ಧಿ ಇದ್ದವನು ಆಗಲೇ ಹೂಂ ಎಂದು ಒಲೆಯನ್ನು ಮನೆಗೆ ಸಾಗಿಸಿ ಅಲ್ಲೇ ರಿಪೇರಿ ಮಾಡುತ್ತಿದ್ದ. ನಾನೋ ಪರೀಕ್ಷಕ! "ಇದಕ್ಕೇನಾಗಿದೆ ಅಂತ ನಾನ್ ತೋರಿಸ್ತೀನಿ ನೋಡಿ," ಎಂದು ತೋಳೇರಿಸಿದೆ.

ಗಾಜಿನ ಬಾಗಿಲು ತೆಗೆದು ತಲೆ ಒಳಗೆ ತೂರಿಸಿದೆ. ಗುಳಿಗೆ ಉರಿಯುವ ಬಟ್ಟಲಿನ ತಳದ ಗಾಳಿತೂತುಗಳೆಲ್ಲ ಬೂದಿ ಗಟ್ಟಿಯಾಗಿ ಮುಚ್ಚಿಹೋಗಿದ್ದವು. ಉಸಿರೇ ಆಡದಿದ್ದರೆ ಬೆಂಕಿ ಪಾಪ ಹೇಗೆ ಬದುಕೀತು? ಕೆರೆದೆ, ಚುಚ್ಚಿದೆ, ಹೊಗೆಕೊಳವೆಯನ್ನು ಬಡಿದೆ. ಬಡಿದದ್ದು ಸ್ವಲ್ಪ ಜಾಸ್ತಿಯಾಯಿತು. ಬುಟ್ಟಿಗಟ್ಟಲೆ ಮಸಿ ಭುಸ್ಸೆಂದು ಹೊರಬಂದು ನನ್ನ ಮುಖಕ್ಕೂ, ಗೂಟದಲ್ಲಿ ನೇತಾಡುತ್ತಿದ್ದ ಗಿರಾಕಿಯ ಬಿಳಿ ಕೋಟಿಗೂ ಸಮನಾಗಿ ಹಂಚಿಹೋಯಿತು. ದರ್ಜಿ ಕೋಟನ್ನು ನೋಡಿದ, ನನ್ನನ್ನು ನೋಡಿದ. ಯಾವುದನ್ನು ಮೊದಲು ಒಗೆಯಲಿ ಎಂದುಕೊಂಡನೋ ಏನೋ!

"ಉಜ್ಜಬೇಡಪ್ಪ, ಕೊಡು ಇಲ್ಲಿ," ಎಂದು ಅತ್ತೆ ದರ್ಜಿಯ ಕೈಯಿಂದ ಕೋಟನ್ನು ಕಸಿದುಕೊಂಡು ಬೀದಿಗೆ ಒಯ್ದು ಕೊಡವಿದರು. ಗುಂಡಿಯೊಂದು ಸಡಿಲವಾಗಿರುವುದು ಕಣ್ಣಿಗೆ ಬಿತ್ತು. ಸೂಜಿ ಕೇಳಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತರು.

ನಾನು ಗುಳಿಗೆ ಸುರಿದು ಸ್ವಿಚ್ಚು ಒತ್ತಿದೆ. ಒಲೆ ಗುರ್ರೆಂದಿತು, ಯೋಚಿಸಿತು, ಆಮೇಲೆ ಹಳದಿ ಜ್ವಾಲೆ ನೆಟ್ಟಗೆದ್ದು ನಿಂತಿತು! ನಾನು ಮೈಮರೆತೆ. ಮೋಟಾರು ಗಟ್ಟಿ, ಗಾಜಿಗೆ ಬಿರುಕಿಲ್ಲ, ಇಂಥ ಒಲೆ ಹುಡುಕಿದರೂ ಸಿಗುವುದಿಲ್ಲ ಎಂದು ಕೊಳ್ಳಲು ಬಂದ ನಾನೇ ಹೊಗಳಿದ್ದೇ ಹೊಗಳಿದ್ದು. ದರ್ಜಿ ಎರಡೂ ಕೈ ಬಿಸಿಗಾಳಿಗೆ ಒಡ್ಡಿ, ಕಣ್ಣು ಮುಚ್ಚಿ ನಿಂತಿದ್ದ.

"ಸಾರ್, ತಪ್ಪು ತಿಳ್ಕೋಬೇಡಿ," ಎಂದ. "ಇಷ್ಟು ಚೆನ್ನಾಗಿರೋ ಒಲೇನ ಯಾರಾದ್ರೂ ಮಾರ್ತಾರಾ?"

ಎಷ್ಟು ಗೋಗರೆದರೂ ಅವನು ಜಗ್ಗಲಿಲ್ಲ. ಸೋತ ಮುಖದಲ್ಲಿ, ಹೊರಡೋಣ ಬನ್ನಿ ಎಂದು ಅತ್ತೆಯನ್ನು ಕರೆದೆ. ಅತ್ತೆ ಏಳಲಿಲ್ಲ. ಅವರ ಮಡಿಲಲ್ಲಿ ಆಗಲೇ ಎರಡನೇ ಕೋಟಿತ್ತು. ಬೆರಳುಗಳು ಸರಸರ ಓಡುತ್ತಿದ್ದವು.

"ನೀವು ಹೋಗಿ. ಇವನಿಗೆ ಗುಂಡಿ ಹೊಲಿಯೋರು ಬೇಕಂತೆ, ನಂಗೆ ಬೆಂಕಿ ಬೇಕು. ಚಳಿಗಾಲ ಮುಗಿಯೋವರೆಗೆ ದಿನಾ ಹಗಲೆಲ್ಲ ಇಲ್ಲೇ ಇದ್ದು ಸಂಜೆಗೆ ಮನೆಗೆ ಬರ್ತೀನಿ."

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಒಲೆ ಎಲ್ರೀ?"

"ಕೊಡಲಿಲ್ಲ ಕಣೆ."

"ಅಮ್ಮ?"

"ಅವರನ್ನೂ ಕೊಡಲಿಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಚಳಿಗಾಲ ಪೂರ್ತಿ ಇಲ್ಲೇ ಇರುತ್ತಾರೆಂಬುದು ತಲೆಗೆ ಹೊಕ್ಕಿದ್ದೇ ತಡ, ಅವಳು ನಗುತ್ತ ಅಳುತ್ತ ನನ್ನ ಮಸಿ ಮುಖವನ್ನು ಟವೆಲಿನಿಂದ ಒರೆಸಿದಳು. ನನಗಾದ ಖುಷಿ ಅಷ್ಟಿಷ್ಟಲ್ಲ. ಸೋತೂ ಗೆದ್ದೆ ಅಂದುಕೊಂಡೆ.

ಸಂಜೆ ಅತ್ತೆ ಬಂದು ಮಗಳ ಕೆನ್ನೆ ಸವರಿದರು. "ಅಮ್ಮಾ, ಕೈ ಎಷ್ಟು ಬೆಚ್ಚಗಿದೆ!" ಎಂದಳು ಅವಳು. ಅತ್ತೆ ನನ್ನ ಕಡೆ ತಿರುಗಿದರು.

"ಆ ಒಲೇನ ವಾರವಾರ ಕೆರೀಬೇಕಂತಲ್ಲ. ಭಾನುವಾರ ನಮ್ಮ ಅಳಿಯಂದಿರಿಗೆ ರಜಾ, ಅವರೇ ಬಂದು ಮಾಡ್ತಾರೆ ಅಂತ ಮಾತು ಕೊಟ್ಟು ಬಂದಿದೀನಿ."

"ಎಷ್ಟು ಭಾನುವಾರ, ಅತ್ತೆ?"

"ನಾನು ಇಲ್ಲಿರೋವಷ್ಟು ದಿನ."

ಕಾಪಾಡು ಎಂಬಂತೆ ಹೆಂಡತಿಯ ಮುಖ ನೋಡಿದೆ. ಅವಳು ಅಮ್ಮನ ಕೈಯನ್ನು ಕೆನ್ನೆಗೆ ಒತ್ತಿಕೊಂಡೇ, "ಅಮ್ಮ, ಮುಂದಿನ ಚಳಿಗಾಲಾನೂ ಇಲ್ಲೇ ಇದ್ದುಬಿಡು," ಎಂದಳು.