ಲಂಟಾನಕ್ಕೆ ತಕ್ಕ ಇಂಗ್ಲಿಷ್

ಹೆದರುಪುಕ್ಕಲನಿಗೆ ಒಳ್ಳೆಯ ಇಂಗ್ಲಿಷ್ ಬಂದರೆ ಅವನಷ್ಟು ಅಪಾಯದ ಮನುಷ್ಯ ಇನ್ನೊಬ್ಬನಿಲ್ಲ. ಬೇರೆಯವರ ಮಾತೇಕೆ, ನನ್ನದನ್ನೇ ಹೇಳುತ್ತೇನೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ನಾನು ಕೋಲಾರದ ಚಿನ್ನದ ಗಣಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಕೈಬಿಟ್ಟ ಹಳೆಯ ಗಣಿಬಾವಿಯೊಂದನ್ನು ವಾರಕ್ಕೊಮ್ಮೆ ನೋಡಿಬಂದು ಇಂಗ್ಲಿಷಿನಲ್ಲಿ ವರದಿ ಬರೆಯುವುದು ನನ್ನ ಕೆಲಸಗಳಲ್ಲೊಂದು. ಬಾವಿಯ ಸುತ್ತ ಲಂಟಾನದ ಮುಳ್ಳುಪೊದೆ ಎರಡಾಳೆತ್ತರ ಬೆಳೆದು, ಬಾವಿಯ ಬಾಯಿ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ನಾನು ಒಳಗೆ ಹೋಗುತ್ತಿದ್ದೆನೇ? ಶಿವ ಶಿವ! ಕೊಡೆಯನ್ನು ಎದೆಗವುಚಿಕೊಂಡು ರಸ್ತೆಯಲ್ಲೇ ನಿಂತು, ದೂರದಿಂದಲೇ ಒಂದು ನಮಸ್ಕಾರ ಹಾಕಿ ಹಿಂದಿರುಗುತ್ತಿದ್ದೆ.

ಆದರೆ ವರದಿ ಬರೆಯಬೇಕಲ್ಲ! ನಿಘಂಟು ತೆಗೆದೆ. ಮೊದಲ ವಾರ ‘ಓವರ್‌ಗ್ರೋನ್’ ಎಂದು ಬರೆದೆ, ಮರುವಾರ ‘ಡೆನ್ಸ್’. ಒಂದೇ ಪದವನ್ನು ಎರಡು ಸಲ ಬರೆದರೆ ನೋಡದೆ ಬರೆದ ಎಂದಾರು ಎಂಬ ಭಯಕ್ಕೆ ‘ಟ್ಯಾಂಗಲ್ಡ್’ ಎಂದೆ, ‘ರ‍್ಯಾಂಕ್’ ಎಂದೆ. ಎಲ್ಲದರ ಅರ್ಥವೂ ಹೆಚ್ಚುಕಡಿಮೆ ಒಂದೇ, ದಟ್ಟ ಎಂದು. ಸೊಂಪಾಗಿದೆ ಎನ್ನಲು ‘ಲಕ್ಸೂರಿಯಂಟ್’ ಎಂದು ಬರೆದ ವಾರ ನಮ್ಮ ಮೇಲಧಿಕಾರಿಯಾಗಿದ್ದ ಬಿಳಿಯ ದೊರೆ ನನ್ನನ್ನು ಕರೆಸಿ, ಇಷ್ಟು ಚಂದದ ಇಂಗ್ಲಿಷ್ ಎಲ್ಲಿ ಕಲಿತೆ ಎಂದು ಕೇಳಿದರು. ಹೊಗಳಿಕೆ ತಲೆಗೇರಿತು. ಮುಂದಿನ ವಾರ ‘ಇಂಪೆನಿಟ್ರಬಲ್’ ಎಂದು ಬರೆದುಬಿಟ್ಟೆ. ಯಾರೂ ಒಳಗೆ ನುಸುಳಲಾಗದಷ್ಟು ದಟ್ಟ ಎಂದು ಅರ್ಥ. ನಮ್ಮವರಾದರೆ ಪೊದೆ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಆ ಪೊದೆಯೊಳಕ್ಕೆ ದಿನವೂ ನುಸುಳುತ್ತಿದ್ದವಳು ಚಿನ್ನಕ್ಕ. ಕ್ಯಾಸಂಬಳ್ಳಿ ಕಡೆಯವಳು, ಲಂಟಾನದ ಕಡ್ಡಿ ಕಡಿದು ಆಂಡರ್ಸನ್‌ಪೇಟೆಯಲ್ಲಿ ಸೌದೆ ಮಾರುತ್ತಿದ್ದಳು. ಒಂದು ದಿನ ನನ್ನನ್ನು ರಸ್ತೆಯಲ್ಲೇ ತಡೆದಳು. “ಸ್ವಾಮೇ, ಬಾವಿ ಬಾಯಿ ಕುಸೀತಾ ಐತೆ. ನನ್ ಮೇಕೆ ಒಳಕ್ ಓಗಿದ್ದು ಬರ್ಲೇ ಇಲ್ಲ. ಗಾಳಿ ಇಲ್ದಿದ್ರೂ ಎಲೆ ಅಲ್ಲಾಡ್ತವೆ, ಒಳಗೆ ಯಾರೋ ಉಸ್ರು ಬಿಟ್ಟಂಗೆ. ಬಾವಿ ಸುತ್ತ ಒಂದ್ ಬೇಲಿ ಆಕ್ಸಿ.” ಹಾಗಿದ್ದರೆ ನೀನು ಹೋಗಬೇಡ ಎಂದೆ. “ಓಗ್ದಿದ್ರೆ ನಮ್ಮನೆ ಒಲೆ ನೀವ್ ಬಂದ್ ಉರಿಸ್ತೀರಾ?” ಎಂದಳು.

ದೊರೆಯ ಮುಂದೆ ಹೋಗಿ ನಿಂತು, ಬಾವಿಗೆ ಬೇಲಿ ಬೇಕು ಎಂದೆ. ಅವರು ನನ್ನ ವರದಿಯನ್ನೇ ಎತ್ತಿ ತೋರಿಸಿದರು. ಯಾರೂ ಒಳಗೆ ಹೋಗಲಾರರು ಎಂದು ನೀನೇ ಬರೆದಿದ್ದೀಯಲ್ಲ, ಮತ್ತೆ ಬೇಲಿ ಯಾರಿಗೆ ಎಂದರು. ಹೋಗುವವಳೊಬ್ಬಳಿದ್ದಾಳೆ ಎಂದರೆ ನಾನು ನೋಡದೆ ಬರೆದದ್ದು ಬಯಲಾಗಿ ಕೆಲಸಕ್ಕೇ ಸಂಚಕಾರ. ‘ಯೆಸ್ ಸರ್’ ಎಂದು ಹೊರಬಂದೆ. ಥೂ ನನ್ನ ಜನ್ಮಕ್ಕೆ!

ಮರುವಾರ ಮಟಮಟ ಮಧ್ಯಾಹ್ನ ಹೋದಾಗ ರಸ್ತೆಯಂಚಿನಲ್ಲಿ ಚಿನ್ನಕ್ಕನ ಹಗ್ಗ, ಬುತ್ತಿ ಬಿದ್ದಿದ್ದವು. ಅವಳಿರಲಿಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ. ಗಾಳಿಯಿಲ್ಲದಿದ್ದರೂ ಪೊದೆಯ ನಡುವಿನ ಎಲೆಗಳು ಮಾತ್ರ ಮೆಲ್ಲಗೆ ಮೇಲೆದ್ದು ಮೆಲ್ಲಗೆ ಇಳಿಯುತ್ತಿದ್ದವು, ಮಲಗಿದವರ ಹೊಟ್ಟೆಯ ಹಾಗೆ. ಅವಳು ಸತ್ತರೆ ಕೊಂದವನು ನಾನೇ ಎನಿಸಿತು. ಹೇಗೋ ಹತ್ತು ಹೆಜ್ಜೆ ಒಳಗಿಟ್ಟೆ. “ಗುಮಾಸ್ತಪ್ಪಾ...” ಎಂದು ಎದುರಿನಿಂದ ಹೆಣ್ಣುದನಿಯೊಂದು ಕೂಗಿತು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬೇಕು. ಕಾಣದವರು ಕರೆದರೆ ಮೂರನೆಯ ಸಲದವರೆಗೂ ಓಗೊಡಬಾರದು, ದೆವ್ವ ಮೂರು ಸಲ ಕೂಗುವುದಿಲ್ಲವಂತೆ. ತುಟಿ ಬಿಗಿಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಅದೇ ದನಿ ನನ್ನ ಬೆನ್ನ ಹಿಂದೆಯೇ, ಕಿವಿಯ ಹತ್ತಿರದಲ್ಲೇ, “ಗುಮಾಸ್ತಪ್ಪಾ...” ಎಂದಿತು. ಮೂರನೆಯದಕ್ಕೆ ಕಾದೆ. ಬರಲಿಲ್ಲ.

ಹಿಂದೆ ದೆವ್ವ ನಿಂತಿರುವಾಗ ರಸ್ತೆಯ ಕಡೆಗೆ ಓಡುವುದು ಹೇಗೆ? ಎದ್ದೆನೋ ಬಿದ್ದೆನೋ ಎಂದು ಮುಂದಕ್ಕೇ ಓಡಿದೆ. ಮುಳ್ಳಿಗೆ ಕೋಟು ಹರಿಯಿತು, ಕೊಡೆ ಎಲ್ಲೋ ಹೋಯಿತು, ಬೋರಲು ಬಿದ್ದೆ. ಕಣ್ಣೆದುರಿಗೆ ಎರಡು ಕೈಗಳು! ಚಿನ್ನಕ್ಕ ಬಾವಿಯ ಬಾಯಂಚಿನ ಕುಸಿದ ಮಣ್ಣಿನಲ್ಲಿ ಕುತ್ತಿಗೆಮಟ್ಟ ಇಳಿದು, ಲಂಟಾನದ ಬೇರು ಹಿಡಿದು ನೇತಾಡುತ್ತಿದ್ದಳು. ತಲೆಯ ರುಮಾಲು ಬಿಚ್ಚಿ ಅವಳಿಗೆ ಕೊಟ್ಟು, ಪೊದೆಯ ಬುಡಕ್ಕೆ ಕಾಲುಕೊಟ್ಟು, ಹೇಗೆ ಎಳೆದೆನೋ ಆ ದೇವರಿಗೇ ಗೊತ್ತು. ಅವಳು ಮೇಲೆ ಬಂದ ಮೇಲೆ ನಾನೇ ಮೊದಲು ಅತ್ತೆ.

ಹರಿದ ಕೋಟಿನಲ್ಲೇ ಹೋಗಿ ದೊರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ವಾರದೊಳಗೆ ಬೇಲಿ ಬಂತು. ವರದಿ ಬರೆಯುವುದನ್ನು ತಪ್ಪಿಸಿ ನನ್ನನ್ನು ಹಳೆಯ ಕಾಗದಗಳ ಕೋಣೆಗೆ ಹಾಕಿದರು, ಸದ್ಯ ಕೆಲಸ ಉಳಿಯಿತು. ಚಿನ್ನಕ್ಕ ಮಾತ್ರ ಆಂಡರ್ಸನ್‌ಪೇಟೆಯ ಅಂಗಡಿ ಅಂಗಡಿಗೂ, “ನನ್ ಕೂಗು ಕೇಳ್ತಿದ್ದಂಗೇ ಓಡ್ಬಂದ್ರು ಪುಣ್ಯಾತ್ಮ” ಎಂದು ಸಾರಿಕೊಂಡು ಬಂದಳು. ಜನ ನನ್ನನ್ನು ಕಂಡರೆ ಕೈಮುಗಿಯತೊಡಗಿದರು. ಒಮ್ಮೆ ತಡೆಯಲಾರದೆ, ಅವತ್ತು ಎಷ್ಟು ಸಲ ಕೂಗಿದೆ ಎಂದು ಕೇಳಿದೆ. “ಒಂದೇ ಸಲ ಸ್ವಾಮೇ. ಆಮೇಲೆ ಬಾಯ್ ತುಂಬಾ ಮಣ್ಣು” ಎಂದಳು.

ಹಾಗಾದರೆ ಬೆನ್ನ ಹಿಂದೆ ಕೂಗಿ ನನ್ನನ್ನು ಅವಳತ್ತ ಅಟ್ಟಿದ್ದು ಯಾರು? ಕೇಳಬೇಕೆಂದು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡೆ. ಎರಡನೆಯ ಕೂಗಿನ ಸುದ್ದಿ ಎತ್ತಿದರೆ, ಮೊದಲನೆಯದಕ್ಕೆ ಯಾಕೆ ಬರಲಿಲ್ಲ ಎಂದು ಅವಳು ಕೇಳುತ್ತಾಳಲ್ಲ!